ಮುಂದಿನ ಚಕ್ರ

ಆರು ವರ್ಷದ ಹಿಂದೆ ಹಳೆಯ ಕಾಲದ ಪಿಕಪ್ಪೊಂದು ಬ್ರೇಕು ಹಿಡಿಯದೆ ಚಹಾದಂಗಡಿಗೆ ನುಗ್ಗಿದಾಗ ಅಂಗಡಿಯ ಗಿರಿಜವ್ವನ ಕಾಲು ಹೋಯಿತು. ಹಿಂದಿನ ವಾರವಷ್ಟೇ ಅದರ ಮುಂದಿನ ಬ್ರೇಕಿಗೆ, ಚಕ್ರವನ್ನು ಒತ್ತಿ ನಿಲ್ಲಿಸುವ ಹೊಸ ಲೈನರ್ ಹಾಕಿದ್ದವನು ಫಕ್ಕೀರಪ್ಪ. ಊರು ಅವನ ಕೈ ನಂಬುವುದನ್ನು ಬಿಟ್ಟಿತು. ಅವನ ಗ್ಯಾರೇಜಿಗೆ ಬೀಗ ಬಿತ್ತು. ಕರೆದು ಕೆಲಸ ಕೊಟ್ಟವನು ಎದುರಿನ ಗ್ಯಾರೇಜಿನ ದಾನಪ್ಪನೊಬ್ಬನೇ. ದಾನಪ್ಪ ದೈವಭಕ್ತ, ಒಳಗೆ ಬಿಳಿ ಪೇಂಟಿನಲ್ಲಿ ಮೂರೆಳೆ ವಿಭೂತಿ ಬರೆಯದೆ ಯಾವ ಚಕ್ರವನ್ನೂ ಮುಚ್ಚಿದವನಲ್ಲ. ಫಕ್ಕೀರಪ್ಪ ಅವನ ಹೆಸರಿನಲ್ಲಿ ದೀಪ ಹಚ್ಚುತ್ತಿದ್ದ.

ಅಂದಿನಿಂದ ಮಾಲೀಕನ ಶೆಡ್ಡಿನಲ್ಲೇ ನಿಂತಿದ್ದ ಆ ಪಿಕಪ್ಪು ಇವತ್ತು ಮುಂದಕ್ಕೆ ಡಿಸ್ಕ್ ಬ್ರೇಕು ಹಾಕಿಸಿಕೊಳ್ಳಲು ಬಂದಿತ್ತು.

"ಅದನ್ನ ನೀ ಮುಟ್ಟಬ್ಯಾಡ, ನಾ ಬಿಚ್ಚತೀನಿ," ಅಂದ ದಾನಪ್ಪ. "ಹಳೇ ಗಾಯ ಯಾಕ ಕೆದರ್ತಿ?"

"ಇರಲಿ ಅಣ್ಣಾ. ನನ್ನ ಕೈ ಎಲ್ಲಿ ತಪ್ಪೇತಿ ಅಂತ ಒಮ್ಮೆರ ನೋಡತೀನಿ."

"ಆಗಿದ್ದು ಆತು. ನೀ ಚಾ ಕುಡದ ಬಾ, ಹೋಗು."

"ಗಿರಿಜವ್ವನ ಮಾರಿ ನೋಡಲಾರದ ಆರು ವರ್ಷ ಸುತ್ತ ಹಾಕ್ಕೊಂಡು ಅಡ್ಡಾಡೀನಿ. ಇನ್ನ ತಡಿಯಾಕ ಆಗೂದಿಲ್ಲ."

ಸುತ್ತಿಗೆಯಿಂದ ಎರಡು ಏಟು ಕೊಟ್ಟು ಫಕ್ಕೀರಪ್ಪ ಬ್ರೇಕನ್ನು ಮುಚ್ಚಿದ್ದ ಡ್ರಮ್ಮು ಕಳಚಿದ. ಅವನು ಹಾಕಿದ್ದ ಹೊಸ ಲೈನರ್ ಒಳಗಿರಲಿಲ್ಲ. ಅವನೇ ಕಿತ್ತು ಬಿಸಾಕಿದ್ದ ಸವೆದ ಲೈನರುಗಳು ಮತ್ತೆ ಅಲ್ಲಿದ್ದವು, ಅವುಗಳ ಹಿಂಬದಿಯ ತಗಡಿನ ಮೇಲೆ ಬಿಳಿ ಪೇಂಟಿನ ಮೂರು ಗೆರೆಗಳಿದ್ದವು.