ನಾಲ್ಕು ತಪ್ಪು, ಐದನೆಯದು ಸರಿ

"ಇವತ್ತೂ ನಾಲ್ಕು ಸಲ." ಮ್ಯಾನೇಜರ್ ಹಾಳೆಯನ್ನು ಮೇಜಿನ ಮೇಲೆ ಹಾಕಿದರು. "ನಾಲ್ಕು ಸಲ ತಪ್ಪು ಪಾಸ್‌ವರ್ಡ್, ಐದನೇ ಸಲ ಸರಿ. ಐದೂ ತಪ್ಪಾದ್ರೆ ಖಾತೆಗೆ ಬೀಗ ಬೀಳುತ್ತೆ ಅಂತ ಗೊತ್ತಿರೋ ಕಳ್ಳನೇ ಇವನು."

ಖಾತೆ ಹೊಸ ನಲ್ಲಿ ಸಂಪರ್ಕ ವಿಭಾಗದ ಗುಮಾಸ್ತೆಯದು. ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುತ್ತಿದ್ದವನಿಗೆ ಎಲ್ಲರೂ ಇಟ್ಟ ಹೆಸರು ತಂತಿ ಸಾಹೇಬ. ಅವನು ಆ ಸಾಲನ್ನು ಎರಡನೇ ಸಲ ಓದಬೇಕಾಗಿರಲಿಲ್ಲ. ಗುಮಾಸ್ತೆ ಅವನ ಹೆಂಡತಿ.

"ಹೋದ ವಾರದವರೆಗೆ ದಿನಕ್ಕೊಂದೇ ತಪ್ಪಿತ್ತು," ಎಂದರು ಮ್ಯಾನೇಜರ್. "ನಿಮ್ಮ ಸುತ್ತೋಲೆ ಹೊರಟ ದಿನದಿಂದ ನಾಲ್ಕಾಗಿದೆ. ಬಾಗಿಲು ಮುಚ್ಚೋ ಮೊದಲು ಕೆಲಸ ಮುಗಿಸ್ಕೊಳ್ಳೋ ಆತುರ, ಅಲ್ವಾ?"

"ಹಾಗೇ ಕಾಣುತ್ತೆ ಸರ್."

ಸುತ್ತೋಲೆಯಲ್ಲಿದ್ದದ್ದು ಇಷ್ಟೇ: ಇಂದು ಮಧ್ಯಾಹ್ನ ಹನ್ನೆರಡಕ್ಕೆ ಹಳೆಯ ವ್ಯವಸ್ಥೆ ನಿಲ್ಲುತ್ತದೆ. ಅದರಲ್ಲಿ ಪಾಸ್‌ವರ್ಡ್‌ಗಳು ಅಂಚೆ ಕಾರ್ಡಿನಂತೆ ಬಟಾಬಯಲಾಗಿ ಹೋಗುತ್ತಿದ್ದವು. ತಂತಿಗೆ ಕಿವಿ ಹಚ್ಚಿದವನು ಯಾರೇ ಆಗಲಿ ಓದಬಹುದಿತ್ತು. ಹೋದ ವರ್ಷ ಇಬ್ಬರ ಪಾಸ್‌ವರ್ಡ್ ಹಾಗೇ ಕಳುವಾಗಿತ್ತು. ಇನ್ನು ಮೇಲೆ ಅಕ್ಷರಗಳು ಯಾರಿಗೂ ಅರ್ಥವಾಗದ ಗುಪ್ತ ಲಿಪಿಯಾಗಿಯೇ ಯಂತ್ರ ಬಿಟ್ಟು ಹೊರಡುತ್ತವೆ. ಅವನಿಗೂ ಕಾಣುವುದಿಲ್ಲ.

"ಮನೆಯವರನ್ನ ನೀವು ಕೇಳ್ತೀರೋ, ನಾನೇ ಕರೆಸ್ಲೋ? ಪಾಸ್‌ವರ್ಡ್ ಹೊರಗೆ ಕೊಟ್ಟಿದ್ರೆ ಕೆಲಸ ಉಳಿಯಲ್ಲ. ಅವರೇ ಮರೀತಿದಾರೆ ಅಂದ್ರೆ..." ಮ್ಯಾನೇಜರ್ ದನಿ ತಗ್ಗಿಸಿದರು. "ಪಾಪ, ಅವರ ಕಷ್ಟ ನಮಗೂ ಗೊತ್ತು. ಸ್ವಲ್ಪ ದಿನ ರಜೆ ಮೇಲೆ ಹೋಗ್ಲಿ."

"ಸಂಜೆಯೊಳಗೆ ವರದಿ ಕೊಡ್ತೀನಿ ಸರ್."

ಕೇಳುತ್ತೇನೆ ಎಂದು ಅವನು ಹೇಳಲಿಲ್ಲ. ಅವರ ಮನೆಯಲ್ಲಿ ಕೇಳುವುದು, ಹೇಳುವುದು ನಿಂತು ಏಳು ತಿಂಗಳಾಗಿತ್ತು. ಮಗಳಿಗೆ ಜ್ವರ ಏರಿದಾಗ "ಬೆಳಗಾಗಲಿ, ನೋಡೋಣ" ಎಂದವನು ಅವನು. ಬೆಳಗಾದಾಗ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಹೆಂಡತಿ ಒಂದು ದಿನವೂ ದೂರಲಿಲ್ಲ. ಬೈದಿದ್ದರೆ, ಅಂಗಿ ಹಿಡಿದು ಜಗ್ಗಿದ್ದರೆ, ತಡೆದುಕೊಳ್ಳುತ್ತಿದ್ದ. ಅವಳು ಸುಮ್ಮನಾದಳು. ಮನಸ್ಸಿನಲ್ಲಿ ತನ್ನನ್ನು ಎಂದೋ ಗಲ್ಲಿಗೇರಿಸಿದ್ದಾಳೆ, ಅದು ನ್ಯಾಯವೇ ಎಂದುಕೊಂಡು ಅವನೂ ಸುಮ್ಮನಾದ. ಹಾಲು ಬಂತು, ಬೀಗ ಹಾಕಿದೆ, ಇಷ್ಟರಲ್ಲೇ ಸಂಸಾರ ಸಾಗುತ್ತಿತ್ತು. ದಿನವೂ ಒಂದೇ ಬಸ್ಸು, ಅಕ್ಕಪಕ್ಕದ ಸೀಟು. ಇಂದು ಅವಳ ತೊಡೆಯ ಮೇಲೆ ದೊಡ್ಡ ಚೀಲವಿತ್ತು. ನೋಡಿದ್ದ, ಕೇಳಿರಲಿಲ್ಲ.

ಮೂರನೇ ಮಹಡಿಯ ಯಂತ್ರಗಳ ಕೋಣೆ ಸದಾ ತಣ್ಣಗಿರುತ್ತಿತ್ತು. ಫ್ಯಾನುಗಳ ಮೊರೆತದಲ್ಲಿ ಯಾರೂ ಮಾತಾಡಬೇಕಾಗಿರಲಿಲ್ಲ. ಹತ್ತೂವರೆಯ ಹೊತ್ತಿಗೆ ಒಂದು ಸಂಗತಿ ಖಚಿತವಾಯಿತು. ತಪ್ಪುಗಳೆಲ್ಲ ಅವಳದೇ ಯಂತ್ರದಿಂದ, ಅವಳು ಕುರ್ಚಿಯಲ್ಲಿ ಕೂತ ಮೇಲೆಯೇ ಬಂದಿದ್ದವು. ಹೊರಗಿನ ಕಳ್ಳನಲ್ಲ. ಕೆಳಗೆ ಹೋಗಿ ಕೇಳಬೇಕೆಂದು ಎದ್ದ. ಇಳಿಯಬೇಕಾದದ್ದು ಒಂದೇ ಮಹಡಿ. ಏನೆಂದು ಶುರುಮಾಡುವುದು ತಿಳಿಯದೆ ಮತ್ತೆ ಕೂತ.

ಆ ಇಬ್ಬರ ಪಾಸ್‌ವರ್ಡ್ ಕಳುವಾದಾಗಿನಿಂದ ತಂತಿಯ ಮೇಲೆ ಅವನೊಂದು ಕಾವಲು ಹಾಕಿದ್ದ. ಸರಿಯಾದ ಪಾಸ್‌ವರ್ಡ್‌ಗಳು ಅದರಲ್ಲಿ ಬರೀ ಚುಕ್ಕೆಗಳಾಗಿ ದಾಖಲಾಗುತ್ತಿದ್ದವು. ತಪ್ಪಾದವು ಇದ್ದಂತೆಯೇ ಒಂದು ಕಡತಕ್ಕೆ ಬೀಳುತ್ತಿದ್ದವು. ಆ ಕಡತಕ್ಕೆ 'ಕಸ' ಎಂದು ಹೆಸರಿಟ್ಟಿದ್ದ. ಎಷ್ಟು ಬಿದ್ದವೆಂದು ಎಣಿಸುತ್ತಿದ್ದನೇ ಹೊರತು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ಅಂಚೆಯವನು ಇನ್ನೊಬ್ಬರ ಕಾಗದ ಓದಬಾರದು ಎಂಬ ಹಠ.

ಮನೆಯಲ್ಲಿ ಮಾತ್ರ ಜಂಬ ಕೊಚ್ಚಿಕೊಂಡಿದ್ದ. "ಅಪ್ಪಾ, ಅಮ್ಮ ತಪ್ಪು ಒತ್ತಿದ್ರೂ ನಿಂಗೆ ಕಾಣುತ್ತಾ?" ಎಂದು ಮಗಳು ಊಟಕ್ಕೆ ಕೂತಾಗ ಕೇಳಿದ್ದಳು. "ಒಂದಕ್ಷರ ಬಿಡದೆ ಓದ್ತೀನಿ," ಎಂದು ಬುರುಡೆ ಬಿಟ್ಟಿದ್ದ. ತಾಯಿ ಮಗಳು ಬಿದ್ದು ಬಿದ್ದು ನಕ್ಕಿದ್ದರು. ಆ ನಗು ನೆನಪಿತ್ತು, ಆದರೆ ಎದೆಯಲ್ಲಿ ಏನೂ ಅಲುಗಲಿಲ್ಲ.

ಹನ್ನೆರಡಕ್ಕೆ ಗುಂಡಿ ಒತ್ತಿದ. ಕಾವಲಿನ ಪರದೆಯಲ್ಲಿ ಹೆಸರು, ಅಕ್ಷರ ಎಲ್ಲ ಹೋಗಿ ತಲೆಬುಡವಿಲ್ಲದ ಗೀಚು ತುಂಬಿತು. ಇಡೀ ಕಚೇರಿಯಲ್ಲಿ ಇನ್ನು ಯಾರ ಗುಟ್ಟೂ ಯಾರಿಗೂ ಸಿಗುವುದಿಲ್ಲ. ಆರು ತಿಂಗಳ ದುಡಿಮೆ ಫಲ ಕೊಟ್ಟಿತ್ತು. ಮ್ಯಾನೇಜರ್ ಫೋನಿನಲ್ಲೇ "ಭೇಷ್" ಎಂದರು.

ಹಳೆಯ ದಾಖಲೆಗಳನ್ನೆಲ್ಲ ಇಂದೇ ಅಳಿಸಬೇಕೆಂಬುದು ನಿಯಮ. ಅದಕ್ಕೆ ಮೊದಲು ವರದಿ. ಕಸವನ್ನು ಒಮ್ಮೆ ನೋಡಿದರೆ ಸಾಕಿತ್ತು. ಒಂದೇ ಪದ ಬೆರಳು ಜಾರಿ ಕೆಟ್ಟಿದ್ದರೆ ಅದು ಮರೆವು, ರಜೆಗೆ ಹೋದರಾಯಿತು. ಬೇರೆ ಬೇರೆ ಪದಗಳಾಗಿದ್ದರೆ ಬೇಕೆಂದೇ ಒತ್ತಿದ್ದು, ಯಾರೋ ಅವಳ ಹತ್ತಿರ ಏನೋ ಮಾಡಿಸುತ್ತಿದ್ದಾರೆ, ಕೆಲಸ ಹೋಗುತ್ತದೆ. ಅವಳಿಗೆ ಉಳಿದಿದ್ದದ್ದು ಆ ಕೆಲಸವೊಂದೇ. ಹನ್ನೆರಡೂಕಾಲಕ್ಕೆ ಹಠ ಬಿಟ್ಟು ಕಡತ ತೆರೆದ.

ಆರು ತಿಂಗಳ ಹಿಂದಿನ ಅವಳ ಮೊದಲ ತಪ್ಪು ಹೀಗಿತ್ತು: "ರೀ, ಬೆಳಗಾಗಲಿ ಅಂದಾಗ ನಾನೂ ಹೂಂ ಅಂದಿದ್ದೆ."

ಮರುದಿನದ್ದು: "ತಪ್ಪು ನಿಮ್ಮೊಬ್ಬರದೇ ಅಲ್ಲ."

ಅದರ ಮರುದಿನದ್ದು: "ಎದುರಿಗೆ ಬಾಯಿ ಬರ್ತಿಲ್ಲ. ಇಲ್ಲಾದ್ರೂ ಓದ್ತೀರಲ್ಲ."

ದಿನಕ್ಕೊಂದು. ರಜೆಯ ದಿನಗಳನ್ನು ಬಿಟ್ಟರೆ ಒಂದು ದಿನವೂ ತಪ್ಪಿಸಿರಲಿಲ್ಲ. ಅವನ ಬೆರಳು ತಾನಾಗಿಯೇ ಕೆಳಕ್ಕೆ ಕೆಳಕ್ಕೆ ಸರಿಸುತ್ತ ಹೋಯಿತು, ಈ ಬೆಳಗಿನ ನಾಲ್ಕು ಸಾಲುಗಳವರೆಗೆ.

"ಎಲ್ಲಾ ಓದಿಯೂ ಸುಮ್ನಿದೀರಿ."

"ಮಧ್ಯಾಹ್ನದಿಂದ ಇದೂ ಇರಲ್ಲ."

"ಅಕ್ಕನ ಊರಿಗೆ ಹೊರಟಿದೀನಿ, ವಾಪಸ್ ಬರಲ್ಲ."

"ಹೋಗ್ಬೇಡ ಅನ್ನೋದಿದ್ರೆ ಹನ್ನೊಂದರೊಳಗೆ ಕೆಳಗೆ ಬನ್ನಿ."