ರೋಜಿನವ್ವನನ್ನು ಕರೆದದ್ದು

“ಒಂದ್ ತಾಸ ಡೊಳ್ಳು ಕೊಡ್ರಿ, ಕಾಕಾ,” ಎಂದ ಬಸ್ತ್ಯಾಂವ.

ಹಟ್ಟಿಯಿಂದ ಕುರಿ ಬಿಡುತ್ತಿದ್ದ ಖಂಡೆಪ್ಪ ಹಾಗೇ ನಿಂತ. ಅವನ ಮನೆಯಲ್ಲಿದ್ದ ಬೀರದೇವರ ಡೊಳ್ಳನ್ನು ಘೋಡಗೇರಿಯಲ್ಲಿ ಕುರುಬರಲ್ಲದವರು ಯಾರೂ ಮುಟ್ಟಿರಲಿಲ್ಲ.

ಬಸ್ತ್ಯಾಂವ ಹಳಿಯಾಳದ ಕಾಡಿನ ಸಿದ್ದಿ. ಗೋವೆಯ ಪೋರ್ಚುಗೀಸರ ಮನೆಗಳಲ್ಲಿ ಜೀತಕ್ಕಿದ್ದು, ತಪ್ಪಿಸಿಕೊಂಡು ಘಟ್ಟ ಹತ್ತಿದ ಆಫ್ರಿಕದವರ ಕುಲ ಅವನದು. ಇಲ್ಲಿ ಖಂಡೆಪ್ಪನ ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡು ಇದ್ದಲಿ ಸುಡುತ್ತಿದ್ದ. ಅವನ ತಾಯಿ ತೀರಿಕೊಂಡು ತಿಂಗಳಾಯಿತೆಂದು ನಿನ್ನೆ ಆ ಕಡೆಯ ಗಾಡಿಯವನೊಬ್ಬ ಹೇಳಿಹೋಗಿದ್ದ.

“ಸತ್ತವರನ್ನ ಮನಿಯೊಳಗ ಕರೀಬೇಕ್ರಿ. ಹಿರಿಯರ ಕಾಯಿ ಇಟ್ಟು, ದಮಾಮಿ ಬಾರಿಸಿ, ಹಾಡಿ ಕರೀಬೇಕು. ನಮ್ಮ ದಮಾಮಿ ಊರಾಗ ಉಳದೈತಿ. ಹೋಗೂಣಂದ್ರ ಹೆಂಡತಿಗೆ ದಿನ ತುಂಬ್ಯಾವ.”

“ಊರಾಗ ನಿಮ್ಮಣ್ಣ ಕರದಿರತಾನ ತಗೋ.”

“ಕರದಾನ್ರಿ. ಆದರ ನನ್ನ ಮನಿ ಅಕಿ ನೋಡೇ ಇಲ್ಲ. ಒಮ್ಮಿ ಬರ್ತೇನಿ ಅಂದಿದ್ಲು.”

ಖಂಡೆಪ್ಪ ನೆಲ ನೋಡಿದ. “ದೇವರದಪಾ ಅದು. ನನ್ನ ಕೈಯಾಗ ಇಲ್ಲ.”

ಒಳಗೆ ಉಣ್ಣೆ ಬಿಡಿಸುತ್ತಿದ್ದ ಅವನ ತಾಯಿ ಕೆಂಪವ್ವ ಹೊರಗೆ ಬಂದಳು. “ಹಡದಾಕಿನ್ನ ಕರಿಯಾಕ ಕೇಳಾಕತ್ತಾನ. ಬೀರಪ್ಪಗೂ ತಾಯಿ ಅದಾಳ. ಕೊಡು, ದೇವರಿಗೆ ನಾ ಹೇಳತೇನಿ.”

ಡೊಳ್ಳು ಹೊತ್ತುಕೊಂಡು ಮೂವರೂ ಬಸ್ತ್ಯಾಂವನ ಗುಡಿಸಲಿಗೆ ಬಂದರು. ಗೋಡೆಗೆ ಮರದ ಶಿಲುಬೆ ಇತ್ತು. ಅದರ ಕೆಳಗೆ ಕುಂಕುಮ ಹಚ್ಚಿದ ತೆಂಗಿನಕಾಯಿ. ಬಸುರಿ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಬಸ್ತ್ಯಾಂವ ಡೊಳ್ಳನ್ನು ಕೊರಳಿಗೆ ಹಾಕಲಿಲ್ಲ. ನೆಲಕ್ಕೆ ಮಲಗಿಸಿ, ಎರಡೂ ಅಂಗೈಯಿಂದ ಬಾರಿಸುತ್ತ, ತನ್ನ ಕೊಂಕಣಿಯಲ್ಲಿ ಹಾಡಲು ಶುರುಮಾಡಿದ. ಎರಡು ಸಾಲು ಆಗಿರಬೇಕು, ಕೈ ನಿಂತಿತು. ಮತ್ತೆ ಬಾರಿಸಿದ, ಮತ್ತೆ ನಿಂತಿತು.

“ಇದು ದಮಾಮಿ ಸಪ್ಪಳ ಅಲ್ರಿ, ಕಾಕಾ. ಅವ್ವಗ ಗುರ್ತ ಸಿಗೂದಿಲ್ಲ.”

ಅವನು ಮೊಣಕಾಲಿಗೆ ಮುಖ ಒತ್ತಿಕೊಂಡ.

“ಹೆಸರೇನೋ ನಿಮ್ಮವ್ವಂದು?” ಕೇಳಿದಳು ಕೆಂಪವ್ವ.

“ರೋಜಿನ್.”

ಕೆಂಪವ್ವ ಬಾಗಿಲಿಗೆ ಹೋದಳು. ಹಳಿಯಾಳದ ಕಡೆಯ ಗಾಡಿದಾರಿ ಬರಿದಾಗಿತ್ತು. ದೂರದ ಹೊಲದಲ್ಲಿದ್ದ ಗೆಳತಿಯನ್ನು ಬುತ್ತಿಗೆ ಕರೆಯುವವಳಂತೆ ದನಿ ಎತ್ತಿದಳು:

“ರೋಜಿನವ್ವಾ! ಇತ್ತ ಬಾರಬೇ! ನಿನ್ನ ಮಗನ ಮನಿ ಇಲ್ಲೈತಿ!”

ಬಸ್ತ್ಯಾಂವ ತಲೆಯೆತ್ತಿದ. ಅವನ ಕೈ ತಾನಾಗಿ ಡೊಳ್ಳಿನ ಮೇಲೆ ಬಿತ್ತು, ಹಾಡು ಮುಂದುವರಿಯಿತು.

ಕೆಂಪವ್ವ ಸ್ವಲ್ಪ ಹೊತ್ತು ದಾರಿಯನ್ನೇ ನೋಡುತ್ತಿದ್ದಳು. ಆಮೇಲೆ ಸೆರಗು ಹೊದ್ದುಕೊಂಡು, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.