ಬೂಮರಾಂಗಿನ ಎಡರೆಕ್ಕೆ

"ಕೊನೇ ರಿವೆಟ್ಟು ನಿನ್ನ ಕೈಯಿಂದಲೇ ಆಗ್ಲಿ ಅಂತ ಬಿಟ್ಟಿದ್ದೀನಿ, ಹಿಡಿ" ಎಂದು ಡೆಸ್ಮಂಡ್ ಪುಟ್ಟ ಸುತ್ತಿಗೆಯನ್ನು ಅಕ್ಕನ ಮುಂದೆ ಚಾಚಿದ. ವರ್ನಾ ಅದನ್ನು ಮುಟ್ಟಲೇ ಇಲ್ಲ.

"ನಾನಾ? ಹುಟ್ಟಿದಾಗಿನಿಂದ ಒಂದು ರಿವೆಟ್ಟೂ ಹೊಡೆದವಳಲ್ಲ ಕಣೋ ನಾನು!"

ಡೆಸ್ಮಂಡ್ ಸುತ್ತಿಗೆಯನ್ನು ಮೇಜಿನ ಮೇಲಿಟ್ಟ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮಕ್ಕ ಮೆಲ್ಬರ್ನಿನ ಕಾರ್ಖಾನೆಯಲ್ಲಿ ಬೂಮರಾಂಗ್ ಯುದ್ಧವಿಮಾನಗಳಿಗೆ ರಿವೆಟ್ಟು ಹೊಡೆಯುತ್ತಾಳೆ ಎಂದು ಶಾಲೆಯಲ್ಲೆಲ್ಲ ಜಂಬ ಕೊಚ್ಚಿಕೊಂಡವನು ಅವನು. ಟ್ರಾಮ್ ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ, ಫುಟ್ಸ್‌ಕ್ರೇಯ ತನ್ನ ಮನೆಯ ಈ ಗ್ಯಾರೇಜಿನಿಂದ ಕಾರನ್ನು ಬೀದಿಗೆ ಅಟ್ಟಿ, ಅವಳ ಕೈಯಲ್ಲಿ ತಯಾರಾದ ವಿಮಾನಗಳಲ್ಲೇ ಒಂದನ್ನು ಆರಿಸಿ ಮಾದರಿ ಕಟ್ಟಲು ಕೂತವನು. ರೆಕ್ಕೆಗಳೆರಡೂ ಸೇರಿ ಒಂದಾಳುದ್ದ. ಅಲ್ಯುಮಿನಿಯಂ ತಗಡಿನ ಹೊದಿಕೆ, ತಗಡು ಬೆಸೆಯುವ ಸಾಸಿವೆ ಕಾಳಿನಷ್ಟು ರಿವೆಟ್ಟುಗಳು, ಮಿಷಿನ್ನಿನ ಹೊಲಿಗೆಯ ಹಾಗೆ ಸಾಲುಸಾಲು. ಶನಿವಾರ ಮಾದರಿ ವಿಮಾನಗಳ ಕ್ಲಬ್ಬಿನ ಸ್ಪರ್ಧೆ. ಪ್ರತಿ ಸಲವೂ ಎರಡನೆಯವನಾಗಿ ನಿಂತು ಗೆದ್ದ ಕ್ಲಾರೆನ್ಸನಿಗೆ ಚಪ್ಪಾಳೆ ತಟ್ಟಿ ಅವನಿಗೆ ಸಾಕಾಗಿತ್ತು. ಈ ಸಲ ಆ ಕ್ಲಾರೆನ್ಸನೇ ಬಂದು ನೋಡಿ ಮುಖ ಬಾಡಿಸಿಕೊಂಡು ಹೋಗಿದ್ದ.

"ಹೊಡೀತಿದ್ದದ್ದು ನನ್ನ ಜೊತೆಗಾತಿ ಮಾವಿಸ್" ಎಂದಳು ವರ್ನಾ. "ರಿವೆಟ್ಟು ಹೊಡೆಯೋ ಗನ್ನು ಅವಳ ಕೈಲಿ. ನಾನು ರೆಕ್ಕೆ ಒಳಗೆ ಭುಜದವರೆಗೂ ಕೈ ತೂರಿಸಿ, ಹಿಂದಿನಿಂದ ಕಬ್ಬಿಣದ ತುಂಡು ಒತ್ತಿ ಹಿಡೀತಿದ್ದೆ. ಅದಿಲ್ದಿದ್ರೆ ರಿವೆಟ್ಟು ಕೂರಲ್ಲ. ದಿನವೆಲ್ಲಾ ತಗಡಿನ ಆ ಕಡೆ ಅವಳು, ಈ ಕಡೆ ನಾನು. ಅವಳ ಮುಖಕ್ಕಿಂತ ಅವಳ ಏಟೇ ನಂಗೆ ಚೆನ್ನಾಗಿ ಗೊತ್ತಿತ್ತು."

ಕನ್ನಡಕ ಏರಿಸಿ ಎಡರೆಕ್ಕೆಯ ಮೇಲೆ ಬಗ್ಗಿದಳು. ಬಂದೂಕಿನ ಗೂಡಿನ ಪಕ್ಕದ ಸಾಲಿನ ಮೇಲೆ ಬೆರಳಾಡಿಸಿದಳು. "ಅಸಲಿ ವಿಮಾನದಲ್ಲಿ ಇಲ್ಲೊಂದು ತಗ್ಗಿತ್ತು, ಎಳೇ ಚಂದ್ರನ ಹಾಗೆ. ಮಾವಿಸಳ ಗನ್ನು ಜಾರಿ ಆದದ್ದು. ತಪಾಸಣೆಯವರು ನೋಡಿ, ಹಾರೋಕೇನೂ ತೊಂದ್ರೆ ಇಲ್ಲ, ಹೋಗ್ಲಿ ಬಿಡಿ ಅಂದ್ರು. ಹಾಗೇ ನ್ಯೂ ಗಿನಿಯ ಯುದ್ಧಕ್ಕೆ ಹೋಯ್ತು. ಅದನ್ನ ಹಾಕೋ."

"ತಗ್ಗಾ? ಅಕ್ಕಾ, ತೀರ್ಪುಗಾರರು ಭೂತಗನ್ನಡಿ ಹಿಡ್ಕೊಂಡು ಬರ್ತಾರೆ! ಒಂದು ಗೀರು ಕಂಡ್ರೂ ಬಹುಮಾನದ ಕಪ್ಪು ಮತ್ತೆ ಕ್ಲಾರೆನ್ಸನ ಮನೆಗೇ."

"ಹೋಗ್ಲಿ. ಆ ಹುಳಿ ಮುಖಕ್ಕೆ ಅದೊಂದಾದ್ರೂ ಹೊಳಪು ಬೇಡ್ವಾ?"

ಡೆಸ್ಮಂಡ್ ನಗಲಿಲ್ಲ. ವರ್ನಾಳ ದನಿಯೂ ಇಳಿಯಿತು. "ಹೋದ ತಿಂಗಳು ಮಾವಿಸಳನ್ನ ಮಣ್ಣು ಮಾಡಿ ಬಂದ್ವಲ್ಲ, ಪಾದ್ರಿ ಏನಂದ್ರು? ಒಳ್ಳೇ ತಾಯಿ, ಒಳ್ಳೇ ಅಜ್ಜಿ, ಕೇಕ್ ಮಾಡಿದ್ರೆ ಮಾವಿಸೇ ಮಾಡ್ಬೇಕು. ವಿಮಾನದ ಸುದ್ದಿನೇ ಇಲ್ಲ. ಅವಳ ಮಕ್ಕಳಿಗೇ ಗೊತ್ತಿಲ್ಲ ಕಣೋ. ಯುದ್ಧ ಮುಗೀತು, ನಮ್ಮನ್ನ ಮನೆಗೆ ಕಳಿಸಿದ್ರು, ವಿಮಾನ ಗುಜರಿಗೆ ಹಾಕಿದ್ರು. ನೀನು ಹೊಡೆದಿರೋ ಸಾಲು ಬಲು ಚೆಂದ, ಇಲ್ಲ ಅನ್ನಲ್ಲ. ಆದ್ರೆ ಇದರಲ್ಲಿ ಅವಳೆಲ್ಲಿದ್ದಾಳೆ?"

ಅಕ್ಕ, ಮಾವಿಸ್ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹಾಡುತ್ತಾ ಮನೆಗೆ ಬರುತ್ತಿದ್ದ ಸಂಜೆಗಳು ಡೆಸ್ಮಂಡನಿಗೆ ನೆನಪಾದವು. ಮಾವಿಸ್ ತಲೆ ಕೊಡವಿದರೆ ತಗಡಿನ ಪುಡಿ ಬಿಸಿಲಿಗೆ ಮಿಂಚುತ್ತಿತ್ತು. "ಬಾರೋ ಸಿಂಬಳಸುರುಕಾ" ಎಂದು ಕರೆದು ಜೇಬಿನಿಂದ ಪೆಪರ್‌ಮಿಂಟು ತೆಗೆದು ಕೊಡುತ್ತಿದ್ದಳು. ಅದಕ್ಕೂ ಯಂತ್ರದೆಣ್ಣೆಯದೇ ವಾಸನೆ.

ಅವನು ಒಂದು ಕಬ್ಬಿಣದ ತುಂಡನ್ನು ಅಕ್ಕನ ಕೈಗಿಟ್ಟ. ವರ್ನಾ ಅಂಗಿಯ ತೋಳು ಮಡಿಸಿ, ರೆಕ್ಕೆಯಡಿ ಗಾಲಿ ಮಡಚಿಕೊಳ್ಳುವ ಗೂಡಿನೊಳಗಿಂದ ಕೈ ತೂರಿಸಿ, ಕೆನ್ನೆಯನ್ನು ರೆಕ್ಕೆಗೆ ಆನಿಸಿದಳು. ಡೆಸ್ಮಂಡ್ ಸುತ್ತಿಗೆ ಎತ್ತಿದ. ಇಳಿಸಿದ. ಮತ್ತೆ ಎತ್ತಿದ.

"ಕೈ ಬರ್ತಿಲ್ಲ ಅಕ್ಕಾ."

"ಬೇಕೂಂತ ಹೊಡೆದ್ರೆ ಅದು ಬರೋದೂ ಇಲ್ಲ. ನೀನು ನಿನ್ನ ಕೊನೇ ರಿವೆಟ್ಟು ಹೊಡ್ಕೊ, ಅವತ್ತು ಆ ತಗ್ಗು ಹೇಗಾಯ್ತು ಅಂತ ನಾನು ಹೇಳ್ತೀನಿ. ನಮ್ಮ ಮೇಸ್ತ್ರಿ ಪೆಟಿಫರ್ ಒಂದಿನ ಕೂಗಾಡೋ ಭರದಲ್ಲಿ ಹಲ್ಲಿನ ಸೆಟ್ಟು ಹಾರಿಸ್ಕೊಂಡ. ಸೀದಾ ರಿವೆಟ್ಟಿನ ಡಬ್ಬಿಗೇ ಬಿತ್ತು. ಮಾವಿಸ್‌ಗೆ ಕೂಡ್ಲೇ ಸಿಕ್ತು. ಆದ್ರೆ ಊಟದ ಗಂಟೆವರೆಗೂ ಬಾಯಿ ಬಿಡ್ಲಿಲ್ಲ, ಕಳ್ಳಿ! ಬೆಳಿಗ್ಗೆಯೆಲ್ಲಾ ಪಾಪ ಅವನು ನಮ್ಮ ಹಿಂದೆ ನಿಂತು, 'ನೆಫ್ಫಗೆ ಹೊಫೀರಮ್ಮಾ, ನೆಫ್ಫಗೆ!'"

ಡೆಸ್ಮಂಡ್ ಕಿಸಕ್ಕನೆ ನಕ್ಕುಬಿಟ್ಟ. ಸುತ್ತಿಗೆಯ ಅಂಚು ಜಾರಿತು.

ಹೊಳೆಯುವ ಸಾಲಿನ ನಡುವೆ ಉಗುರು ಒತ್ತಿದಂಥ ತಗ್ಗು. ತಗ್ಗು ಮುಚ್ಚಲು ಮೆತ್ತುವ ಲಪ್ಪದ ಡಬ್ಬಿಯತ್ತ ಅವನ ಕೈ ಅಭ್ಯಾಸಬಲದಿಂದ ಹೋಗಿ, ಅರ್ಧದಲ್ಲೇ ಹಿಂದಕ್ಕೆ ಬಂತು.

ವರ್ನಾ ಕಣ್ಣು ಮುಚ್ಚಿಕೊಂಡು ತಗಡನ್ನು ಒಳಗಿನಿಂದಲೇ ತಡವುತ್ತಿದ್ದಳು. "ಹೂಂ" ಎಂದಳು. "ಇದೇ."

"ಶನಿವಾರ ಎಲ್ಲರೂ ಇದನ್ನೇ ಕೇಳ್ತಾರೆ ನೋಡ್ತಿರು, ಇದೇನು ಹೀಗೆ, ಯಾರು ಮಾಡಿದ್ದು ಅಂತ" ಎಂದ ಡೆಸ್ಮಂಡ್, ಸೋತವನ ದನಿಯಲ್ಲಿ.

ವರ್ನಾ ಕಣ್ಣು ತೆರೆದಳು. "ಯಾರು ಮಾಡಿದ್ದು ಅಂತ ನಿಜವಾಗ್ಲೂ ಕೇಳ್ತಾರೇನೋ?"